ಗುಡ್ಡ ಜಲ್ಲಿಯಾಗುವ ಮುಂಚೆ ಎದ್ದೇಳಿ!

ಬಳ್ಳಾರಿಯ, ಸಿರುಗುಪ್ಪದ, ಕುರುಗೋಡಿನ ಅಣ್ಣಂದಿರೇ, ಅಕ್ಕಂದಿರೇ!

ಒಂದು ನಿಮಿಷ ನಿಲ್ಲಿ. ಬಸ್ಸು ಬರೋದು ಹೇಗೂ ತಡ!

2021ರಲ್ಲಿ ನಮ್ಮ ಜಿಲ್ಲೆ ಎರಡಾಯಿತು. ಹಂಪಿ ವಿಜಯನಗರ ಜಿಲ್ಲೆಗೆ ಹೋಯಿತು. ಅವತ್ತಿನಿಂದ ಟೀ ಅಂಗಡಿಯಲ್ಲಿ ಒಂದೇ ಮಾತು: "ಇನ್ನೇನೈತ್ರಿ ನಮ್ಮದು? ಧೂಳು, ಗಣಿ, ಬಿಸಿಲು!" ನೀವು ಹೇಳಿದಿರಿ, ನಾವು ನಕ್ಕೆವು. ಈಗ ನಗು ಬರುವುದಿಲ್ಲ.

ಊರ ಪಕ್ಕದ ಸಂಗನಕಲ್ಲಿಗೆ ಹೋಗಿದ್ದೀರಾ? ಹಂಪಿ ಹುಟ್ಟುವುದಕ್ಕೆ ಮೂರು ಸಾವಿರ ವರ್ಷ ಮೊದಲೇ ಅಲ್ಲಿ ಜನ ಮನೆ ಮಾಡಿದ್ದರು, ದನ ಸಾಕಿದ್ದರು. ಕಪ್ಪಗಲ್ಲಿನ ಹಿರೇಗುಡ್ಡದ ಮೇಲೆ ಕೂತು ಕರೀಕಲ್ಲಿನಲ್ಲಿ ಕೊಡಲಿ ಮಾಡುತ್ತಿದ್ದರು. ಒಂದೆರಡಲ್ಲ, ಕಾರ್ಖಾನೆಯಂತೆ! ಅದೇ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳನ್ನು ಕುಟ್ಟಿ ಕುಟ್ಟಿ ಬರೆದರು. ಕಾರಹುಣ್ಣಿಮೆಗೆ ನೀವು ಕೊಂಬಿಗೆ ಬಣ್ಣ ಹಚ್ಚುತ್ತೀರಲ್ಲ, ಆ ಎತ್ತಿನ ಹಿರೀಕರು ಅವು!

ಇನ್ನೊಂದು ಕೇಳಿ. ಆ ಗುಡ್ಡದ ಕೆಲವು ಬಂಡೆಗಳಲ್ಲಿ ಸಣ್ಣ ಗುಳಿಗಳಿವೆ. ಕೈಯಲ್ಲೊಂದು ಕಲ್ಲು ಹಿಡಿದು ಗುಳಿಗೆ ತಟ್ಟಿ. ಠಣ್! ಗುಡಿಯ ಗಂಟೆಯ ಸದ್ದು! ಸಾವಿರಾರು ವರ್ಷ ತಟ್ಟಿ ತಟ್ಟಿಯೇ ಆ ಗುಳಿ ಬಿದ್ದದ್ದು. ಈ ಸದ್ದಿನ ಬಗ್ಗೆ 2004ರಲ್ಲಿ ಹೊರದೇಶದ ವಿದ್ವಾಂಸರು ಬರೆದರು, ಲೋಕವೇ ಕಿವಿಗೊಟ್ಟಿತು. ನಮ್ಮ ಮಕ್ಕಳು ಕೇಳಿದ್ದು ಯಾವ ಸದ್ದು? ಸಿಡಿಮದ್ದಿನ ಸದ್ದು! ಜಲ್ಲಿ ಮಿಷನ್ನಿನ ಸದ್ದು!

ಕಲ್ಲು ಒಡೆಯುವ ಕೂಲಿಯಣ್ಣನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ನಮ್ಮವನೇ. ಧೂಳು ಅವನ ಎದೆಗೆ, ದುಡ್ಡು ಮತ್ತೊಬ್ಬರ ಜೇಬಿಗೆ! ಗುಡ್ಡ ಮುಗಿದ ಮರುದಿನ ಅವನ ಕೂಲಿಯೂ ಮುಗಿಯುತ್ತದೆ. 2006ರಲ್ಲಿ ಗಣಿಯವರ ಸ್ಫೋಟಕ್ಕೆ ಸುಗ್ಗಲಮ್ಮನ ಗುಡಿಯೇ ಉರುಳಿತು. ದೇವಿಯನ್ನೇ ಬಿಡದವರು ಬಂಡೆಯ ಮೇಲಿನ ಎತ್ತನ್ನು ಬಿಟ್ಟಾರೆಯೇ?

ಸಿರುಗುಪ್ಪದವರೇ, ನಿಮ್ಮದು ಇನ್ನೂ ದೊಡ್ಡ ಆಸ್ತಿ! ಅಶೋಕನ ಶಾಸನಗಳು ದೇಶದ ತುಂಬ ಇವೆ. ಹೆಚ್ಚಿನವುಗಳಲ್ಲಿ "ದೇವಾನಾಂಪ್ರಿಯ" ಅಂತಷ್ಟೇ ಇರುತ್ತದೆ. "ಅಶೋಕ" ಅಂತ ಹೆಸರು ಹಿಡಿದು ಬರೆದ ಶಾಸನಗಳು ಸಿಕ್ಕಿದ್ದು ನಾಲ್ಕೇ ಊರಲ್ಲಿ. ಮಧ್ಯಪ್ರದೇಶದ ಗುಜರಾ, ರಾಯಚೂರಿನ ಮಸ್ಕಿ. ಉಳಿದೆರಡು ಯಾವುವು? ನಿಟ್ಟೂರು! ಉಡೇಗೋಳ! ಎರಡೂ ನಿಮ್ಮ ತಾಲ್ಲೂಕು, ಎರಡೂ ತುಂಗಭದ್ರೆಯ ಸೀಮೆ. ಆದರೆ ನಿಟ್ಟೂರಿನ ಹುಡುಗ ಪರೀಕ್ಷೆಗೆ ಪಾಟಲಿಪುತ್ರ ಅಂತ ಬಾಯಿಪಾಠ ಮಾಡುತ್ತಾನೆ. ಊರ ಬಂಡೆಯ ಹೆಸರು ಅವನಿಗೆ ಯಾರೂ ಹೇಳುವುದಿಲ್ಲ. ಇದು ಆ ಹುಡುಗನಿಗೆ ಮಾಡಿದ ಮೋಸ!

ತೆಕ್ಕಲಕೋಟೆಯ ಗುಡ್ಡದಲ್ಲಿ 1963ರಿಂದ 65ರವರೆಗೆ ಅಗೆದಾಗ ಹೊಸಶಿಲಾಯುಗದ ಚಿನ್ನದ ಒಡವೆ ಸಿಕ್ಕಿತು. ಅಷ್ಟು ಹಳೆಯ ಚಿನ್ನ! ಇನ್ನು ನಿಮ್ಮ ಗಂಗಾಳದ ಅನ್ನದ ಮಾತು. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ತೋಡಿಸಿದ್ದು ವಿಜಯನಗರದ ಕಾಲದಲ್ಲಿ. ಹಂಪಿ ಹಾಳಾಯಿತು, ಕಾಲುವೆ ಹಾಳಾಗಲಿಲ್ಲ. ಇವತ್ತಿಗೂ ಗದ್ದೆಗೆ ನೀರು ಹರಿಯುತ್ತಿದೆ. ಅದಕ್ಕೆ ನಾವು ಏನು ಸುರಿಯುತ್ತಿದ್ದೇವೆ? ಕಸ! ಇಲ್ಲಿ ಬೇರೆಯವರನ್ನು ಬೈಯುವ ಹಾಗಿಲ್ಲ.

ಕುರುಗೋಡಿನವರೇ, ದೊಡ್ಡಬಸವಣ್ಣನ ತೇರಿಗೆ ಬರುತ್ತೀರಿ, ಉತ್ತತ್ತಿ ಎಸೆಯುತ್ತೀರಿ. ಏಕಶಿಲೆಯ ಆ ಬಸವನಿಗೆ ಕೈ ಮುಗಿಯುತ್ತೀರಿ. ಒಳ್ಳೆಯದು. ಆದರೆ ಗುಡ್ಡದ ಬುಡದಲ್ಲಿರುವ ಚಾಳುಕ್ಯರ ಕಾಲದ ಗುಡಿಗಳ ಕಡೆ ಒಮ್ಮೆ ನಡೆಯಿರಿ. ಕುರುಗೋಡು ಸಿಂದ ಅರಸರ ರಾಜಧಾನಿಯಾಗಿತ್ತು! ಪೂಜೆ ನಿಂತ ಗುಡಿ ಎಂದರೆ ನಿಧಿಗಳ್ಳರಿಗೆ ಹಬ್ಬ. ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಬರುತ್ತಾರೆ, ಲಿಂಗ ಕಿತ್ತು ಮಗ್ಗುಲಿಗೆ ಒಗೆಯುತ್ತಾರೆ. ಸಿಗುವುದು ಮಣ್ಣು! ನಷ್ಟ ಊರಿನದು!

ಕಳ್ಳರಷ್ಟೇ ಅಲ್ಲ, ಭಕ್ತರೂ ಕೆಡಿಸುತ್ತೇವೆ. ಶಾಸನದ ಕಲ್ಲಿಗೆ ಡಬ್ಬಗಟ್ಟಲೆ ಆಯಿಲ್ ಪೇಂಟ್ ಬಳಿಯುತ್ತೇವೆ. ಅಕ್ಷರದ ಗೆರೆಯೊಳಗೆ ಬಣ್ಣ ಗಟ್ಟಿಯಾಗಿ ಕೂತರೆ ಓದುವವನ ಬೆರಳಿಗೂ ಅಕ್ಷರ ಸಿಗುವುದಿಲ್ಲ. ವೀರಗಲ್ಲಿಗೆ ಎಮ್ಮೆ ಕಟ್ಟುತ್ತೇವೆ. ಕುಡತಿನಿಯ ಬೂದಿದಿಬ್ಬ ರಾಕ್ಷಸನನ್ನು ಸುಟ್ಟ ಬೂದಿ ಎಂದುಕೊಂಡು ಸುಮ್ಮನಿದ್ದೇವೆ. ಅಲ್ಲಣ್ಣಾ, ಅದು ದನದ ಸಗಣಿ ಸುಟ್ಟ ಬೂದಿ! ನಮ್ಮ ಮೊದಲ ದನಗಾಹಿಗಳ ಹಟ್ಟಿ! ಇದನ್ನು ಕಂಡುಹಿಡಿದು ಬರೆದವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಬಿಳಿಯ. ಬಳ್ಳಾರಿಯ ಮ್ಯೂಸಿಯಂಗೆ ಅವನದೇ ಹೆಸರು. ಕೊಡಲಿ, ಮಡಕೆ ಎಲ್ಲ ಅಲ್ಲಿವೆ. ಕಾಯುತ್ತಿವೆ, ನಾವೇ ಹೋಗುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ನಿಮಗೂ ನಿದ್ದೆ ಇಲ್ಲ, ನಮಗೂ ನಿದ್ದೆ ಇಲ್ಲ. ಎಲ್ಲರೂ ಕೂಗಿದೆವು. ವಾರದೊಳಗೆ ತಾತ್ಕಾಲಿಕ ಗೇಟು, ಅದೇ ಸ್ಟಾಪ್‌ಲಾಗ್, ಕೂತಿತು! ಕೂಗಿದರೆ ಕೆಲಸ ಆಗುತ್ತದೆ. ಆದರೆ ಒಡೆದ ಬಂಡೆಗೆ ಸ್ಟಾಪ್‌ಲಾಗ್ ಇಲ್ಲ!

ಹಾಗಾಗಿ ಈಗಲೇ ಕೂಗೋಣ! ಮುಂದಿನ ಗ್ರಾಮಸಭೆಗೆ ಹೋಗಿ. "ನಮ್ಮೂರ ಶಾಸನ, ವೀರಗಲ್ಲು, ಗುಡಿ, ಬಾವಿ ಇಷ್ಟಿವೆ, ಬರೆದುಕೊಳ್ಳಿ" ಎಂದು ಠರಾವು ಮಾಡಿಸಿ. ಗುಡ್ಡದಲ್ಲಿ ಮಿಷನ್ನು ಕಂಡರೆ ಮಾಹಿತಿ ಹಕ್ಕಿನಲ್ಲಿ ಕೇಳಿ: ಪರವಾನಗಿ ಕೊಟ್ಟವರು ಯಾರು? ಎಷ್ಟು ಎಕರೆಗೆ? ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕವಾದರೆ ಸುತ್ತ 100 ಮೀಟರು ಹೊಸ ಕಟ್ಟಡಕ್ಕೂ ಗಣಿಗೂ ನಿಷೇಧ. ರಾಜ್ಯಕ್ಕೂ 1961ರ ಸ್ಮಾರಕ ಕಾಯ್ದೆ ಇದೆ. ಕಾಯ್ದೆ ಇದೆ, ಕೇಳುವವರು ಬೇಕು!

ಹೊಲ ಉಳುವಾಗ ಮೂರ್ತಿ, ನಾಣ್ಯ ಸಿಕ್ಕರೆ ಮುಚ್ಚಿಡಬೇಡಿ, ಮಾರಬೇಡಿ. ತಹಶೀಲ್ದಾರರಿಗೆ ತಿಳಿಸಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ರಾತ್ರಿ ಗುಡಿಯಲ್ಲಿ ಹಾರೆ ಸದ್ದು ಕೇಳಿದರೆ ಒಬ್ಬರೇ ಹೋಗಬೇಡಿ. 112ಕ್ಕೆ ಫೋನು ಮಾಡಿ, ಓಣಿಯವರನ್ನು ಎಬ್ಬಿಸಿ.

ಮೇಷ್ಟ್ರೇ, ಈ ವರ್ಷ ಮಕ್ಕಳ ಪ್ರವಾಸ ಮೈಸೂರಿಗೆ ಬೇಡ. ಸಂಗನಕಲ್ಲಿಗೆ ಕರೆದುಕೊಂಡು ಹೋಗಿ, ನಿಟ್ಟೂರಿನ ಬಂಡೆ ತೋರಿಸಿ! ಖರ್ಚೂ ಕಡಿಮೆ.

ಭಾನುವಾರ ನಿಮ್ಮೂರ ಅತಿ ಹಿರಿಯ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ: ಈ ಕಲ್ಲು ಯಾರದು? ಈ ಕಟ್ಟೆ ಕಟ್ಟಿಸಿದವರು ಯಾರು? ಮೊಬೈಲಿನಲ್ಲಿ ಅವಳ ದನಿ ಹಿಡಿಯಿರಿ. ಮುಂದಿನ ವಾರ ಅಂದರೆ ತಡವಾದೀತು.

ಈ ಚೀಟಿ ಓದಿ ಮಂಡಕ್ಕಿ ಮಿರ್ಚಿ ಕಟ್ಟಬೇಡಿ! ಪಕ್ಕದವರ ಕೈಗೆ ಕೊಡಿ. ಬಸ್ಸು ಬಂತು, ಹತ್ತಿ!