ಇಳಿಹೊತ್ತಿನ ಚಹಾ

ಮನುಷ್ಯನ ಶೀಲವನ್ನು ಪರೀಕ್ಷಿಸಲು ದೊಡ್ಡ ಸಂಕಟಗಳೇ ಬರಬೇಕೆಂದಿಲ್ಲ. ಒಂದು ಬಟ್ಟಲು ಚಹಾ ಸಾಕು. ಹೀಗೆಂದರೆ ವಾಚಕರು ನಕ್ಕಾರು. ಕಳೆದ ಬೇಸಿಗೆಯವರೆಗೆ ನಾನೂ ನಗುತ್ತಿದ್ದೆನು. ಕೂನೂರಿನ ಒಂದು ವಿಹಾರದ ಹೋಟೆಲಿನಲ್ಲಿ, ಇಳಿಹೊತ್ತಿನ ನಾಲ್ಕು ಗಂಟೆಗೆ, ನನ್ನ ಪರೀಕ್ಷೆ ನಡೆದುಹೋಯಿತು. ಮೂವತ್ತು ವರ್ಷ ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು ಅದರಲ್ಲಿ ತೇರ್ಗಡೆಯಾಗಲಿಲ್ಲ. ಆ ಸಂಗತಿಯನ್ನು ಇಲ್ಲಿ ಹೇಳಿಕೊಳ್ಳುತ್ತಿರುವುದು ಅದು ನನ್ನೊಬ್ಬನದೇ ಆಗಿರಲಾರದೆಂಬ ನಂಬಿಕೆಯಿಂದ.

ನಾವು ಧಾರವಾಡದ ಕಡೆಯವರು. ಮೈಸೂರು ಸೀಮೆಯ ಮನೆಗಳಲ್ಲಿ ಅತಿಥಿಗೆ ಕಾಫಿ ಹೇಗೋ ನಮ್ಮಲ್ಲಿ ಚಹಾ ಹಾಗೆ. 'ಚಹಾ ಆತೇನ್ರಿ?' ಎಂಬುದು ನಮ್ಮಲ್ಲಿ ಪ್ರಶ್ನೆಯೂ ಹೌದು, ಕುಶಲವೂ ಹೌದು. ನಮ್ಮ ಮನೆಯ ಒಲೆಯ ಮೇಲೆ ಚಹಾದ ಪಾತ್ರೆ ದಿನಕ್ಕೆ ಹತ್ತು ಸಲವಾದರೂ ಏರಿ ಇಳಿಯುತ್ತಿತ್ತು. ಬಂದವರು ಕುಡಿದರು, ನಾನು ಕುಡಿದೆ, ಮಕ್ಕಳು ಕುಡಿದರು. ಎಲ್ಲರದೂ ಮುಗಿದ ಮೇಲೆ ನನ್ನ ಹೆಂಡತಿ ಒಲೆಯ ಮುಂದೆಯೇ ನಿಂತು, ಉಳಿದದ್ದನ್ನು ಬಶಿಗೆ ಸುರುವಿಕೊಂಡು ಎರಡು ಗುಟುಕಿನಲ್ಲಿ ಮುಗಿಸುತ್ತಿದ್ದಳು. ನಲವತ್ತು ವರ್ಷ ಇದನ್ನು ಕಂಡೂ ನಾನು ನೋಡಿರಲಿಲ್ಲ.

ನಾನು ನಿವೃತ್ತನಾದ ಮೇಲೆ ಮಗಳು ಹಟ ಹಿಡಿದು ನಮ್ಮಿಬ್ಬರನ್ನು ನೀಲಗಿರಿಗೆ ಕಳುಹಿಸಿದಳು. ಮೈಸೂರಿನವರೆಗೆ ರೈಲು, ಅಲ್ಲಿಂದ ಗುಂಡ್ಲುಪೇಟೆ, ಬಂಡೀಪುರದ ಕಾಡು, ಮೇಲೆ ಉದಕಮಂಡಲ. ಬೆಟ್ಟಕ್ಕೆ ಬರುವ ಜನಸಂದಣಿ ಎಷ್ಟೆಂದರೆ, ನ್ಯಾಯಾಲಯದ ಆದೇಶದಂತೆ 2024ರ ಮೇ ತಿಂಗಳಿಂದ ವಾಹನಗಳಿಗೆ ರಹದಾರಿ ಪತ್ರದ ಕ್ರಮವನ್ನೇ ಜಾರಿಗೆ ತರಬೇಕಾಯಿತು. ವಿಶ್ರಾಂತಿಗೆಂದು ಹೊರಟವರು ಅಪ್ಪಣೆ ಪಡೆದು ವಿಶ್ರಾಂತಿಗೆ ಹೋಗಬೇಕಾದ ಕಾಲ ಇದು. 1908ರಲ್ಲಿ ಉದಕಮಂಡಲವನ್ನು ತಲಪಿದ ಆ ಚಿಕ್ಕ ರೈಲಿನಲ್ಲಿ ನಾವು ಕೂನೂರಿಗೆ ಇಳಿದೆವು. ಹೋಟೆಲು ಒಂದು ಇಳಿಜಾರಿನ ನೆತ್ತಿಯ ಮೇಲಿತ್ತು. ಅದರ ಮೊಗಸಾಲೆಯಲ್ಲಿ ಬೆತ್ತದ ಕುರ್ಚಿಗಳು. ಕೆಳಗೆ ಕಣ್ಣು ಹರಿಯುವಷ್ಟು ದೂರವೂ ಕತ್ತರಿಸಿ ಸಮಮಾಡಿದ ಚಹಾದ ಗಿಡಗಳು.

ಮೊದಲ ದಿನ ನಾಲ್ಕು ಗಂಟೆಗೆ ಸರಿಯಾಗಿ ಪರಿಚಾರಕನು ಬಂದನು. ಪಿಂಗಾಣಿಯ ಕೆಟಲು, ಅದಕ್ಕೊಂದು ಬಟ್ಟೆಯ ಕುಲಾವಿ. ಹಾಲು ಬೇರೆ, ಸಕ್ಕರೆ ಬೇರೆ. ಒಂದರ ಮೇಲೊಂದು ಮೂರು ಅಂತಸ್ತಾಗಿ ನಿಲ್ಲಿಸಿದ ತಟ್ಟೆಗಳಲ್ಲಿ ತೆಳುವಾದ ಸ್ಯಾಂಡ್‌ವಿಚ್ಚು, ಬಿಸ್ಕತ್ತು, ಕೇಕು. ಅವನು ಬಾಗಿ ಮೊದಲು ನನ್ನ ಹೆಂಡತಿಯ ಬಟ್ಟಲಿಗೇ ಚಹಾ ಬಗ್ಗಿಸಿದನು. ಆಕೆ ಕಾಲು ಮಡಿಚಿಕೊಳ್ಳಬೇಕೋ ಇಳಿಬಿಡಬೇಕೋ ತಿಳಿಯದೆ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು. ಅವನು ಅತ್ತ ಹೋದೊಡನೆ, ಮನೆಯಲ್ಲಿ ಮಾಡುವಂತೆಯೇ, ಬಟ್ಟಲನ್ನೆತ್ತಿ ಬಶಿಗೆ ಸುರುವಿಕೊಂಡಳು.

ಪಕ್ಕದ ಮೇಜಿನಲ್ಲಿ ನಾಲ್ಕು ಜನ ನಾಗರಿಕರಿದ್ದರು. ಅವರಲ್ಲೊಬ್ಬಾಕೆ ಇತ್ತ ನೋಡಿದಳೋ, ನೋಡಿದಳೆಂದು ನನಗೆ ಅನ್ನಿಸಿತೋ, ಈಗ ಹೇಳಲಾರೆನು. ನಾನು ಹೆಂಡತಿಯ ಕಡೆ ಹುಬ್ಬು ಗಂಟಿಕ್ಕಿ, ಬೆರಳಿನಿಂದ ಬಶಿಯನ್ನು ತೋರಿಸಿ, ಬೇಡವೆಂದು ಸನ್ನೆ ಮಾಡಿದೆನು. ಆಕೆ ಒಂದು ಕ್ಷಣ ನನ್ನನ್ನು ನೋಡಿದಳು. ಬಶಿಯನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. 'ಯಾಕ, ಕುಡೀ' ಎಂದೆನು. 'ಸಾಕಾತ್ರೀ, ನನಗ ಬ್ಯಾಡ' ಎಂದಳು. ಬಶಿಯಲ್ಲಿ ಚಹಾ ಆರಿತು, ಅದರ ಮೇಲೆ ತೆಳ್ಳನೆಯ ಕೆನೆ ಕಟ್ಟಿತು. ನಾನು ನನ್ನ ಬಟ್ಟಲನ್ನು ಶಾಸ್ತ್ರೋಕ್ತವಾಗಿ ಮುಗಿಸಿದೆನು. ಸಮಾನತೆಯನ್ನು ಕುರಿತು ಶಾಲೆಯ ವಾರ್ಷಿಕೋತ್ಸವಗಳಲ್ಲಿ ನಾನು ಮಾಡಿದ ಭಾಷಣಗಳೆಲ್ಲ ಆ ಬಶಿಯಲ್ಲಿ ತಣ್ಣಗೆ ಕುಳಿತಿದ್ದವು.

ಆ ರಾತ್ರಿ ನಿದ್ದೆ ಬರಲಿಲ್ಲ. ಯಾರ ಶಿಷ್ಟಾಚಾರಕ್ಕಾಗಿ ನಾನು ನನ್ನವಳ ಮುಂದಿನ ಬಶಿಯನ್ನು ಕೆಳಗಿಡಿಸಿದೆ? ಇಳಿಹೊತ್ತಿನ ಚಹಾದ ಈ ಪದ್ಧತಿಯಾದರೂ ಎಷ್ಟು ಹಳೆಯದು? 1840ರ ಸುಮಾರಿಗೆ ಇಂಗ್ಲೆಂಡಿನ ಬೆಡ್‌ಫರ್ಡ್ ಮನೆತನದ ಆನ್ನಾ ಎಂಬ ಡಚೆಸ್ಸು ಮಧ್ಯಾಹ್ನದ ಊಟಕ್ಕೂ ತಡವಾದ ರಾತ್ರಿಯ ಊಟಕ್ಕೂ ನಡುವೆ ಹಸಿವು ತಾಳಲಾರದೆ ಚಹಾ ತರಿಸಿಕೊಳ್ಳತೊಡಗಿದಳೆಂದೂ, ಅದೇ ಬೆಳೆದು ಪದ್ಧತಿಯಾಯಿತೆಂದೂ ಹೇಳುತ್ತಾರೆ. ಒಬ್ಬ ಶ್ರೀಮಂತೆಯ ಹಸಿವಿನಿಂದ ಹುಟ್ಟಿದ ಈ ವಿಧಿಗೆ ನಾನು ಮಂತ್ರದ ಗೌರವ ಕೊಟ್ಟಿದ್ದೆನು. ಇನ್ನೂ ಮೋಜಿನ ಮಾತೆಂದರೆ, ಅದಕ್ಕೆ ಹಿಂದಿನ ಶತಮಾನದಲ್ಲಿ ಅದೇ ಇಂಗ್ಲೆಂಡಿನವರು ಬಿಸಿ ಚಹಾವನ್ನು ಬಶಿಗೆ ಹಾಕಿಕೊಂಡು ಕುಡಿಯುವುದು ಸಾಮಾನ್ಯವಾಗಿತ್ತು. ಅವರು ಬಿಟ್ಟ ಮೇಲೆ ಅದು ಒರಟುತನವಾಯಿತು. ಅವರು ಬಿಟ್ಟದ್ದನ್ನು ನಾವು ಇನ್ನೂ ಬಿಡಲಿಲ್ಲವೆಂದು ನಾನು ನಾಚಿದೆನು!

ಬೆಳಗ್ಗೆ ಒಬ್ಬನೇ ತೋಟದ ದಾರಿ ಹಿಡಿದು ಇಳಿದೆನು. ಬಡಗರ ಹಿರಿಯರೊಬ್ಬರು ತಮ್ಮ ಸಣ್ಣ ಚಹಾ ಹಿಡುವಳಿಯ ಅಂಚಿನಲ್ಲಿ ನಿಂತಿದ್ದರು. ಬಡಗ ಎಂದರೆ ಬಡಗಣದವನು. ಮೈಸೂರು ಸೀಮೆಯಿಂದ ಬೆಟ್ಟವೇರಿ ಬಂದವರು ತಾವೆಂಬುದು ಅವರ ಜನದ ಐತಿಹ್ಯ. ಅವರ ನುಡಿ ಕನ್ನಡಕ್ಕೆ ಅತಿ ಸಮೀಪದ್ದು. ಅವರ ಮಾತಿನಲ್ಲಿ ಅರ್ಧ ನನಗೆ ತಿಳಿಯಿತು. ತಿಳಿಯದ ಅರ್ಧವನ್ನು ಕೈಸನ್ನೆ ತುಂಬಿತು. ತೋಡರು, ಕೋಟರು, ಕುರುಂಬರು, ಬಡಗರು ನೆಲೆಸಿದ್ದ ಈ ಬೆಟ್ಟಗಳಿಗೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬಂದನು; ಬೇಸಿಗೆಯ ತಂಪಿಗಾಗಿ ಆಳುವವರು ಹಿಂಬಾಲಿಸಿದರು. 1830ರ ದಶಕದಲ್ಲಿ ಕೇತಿಯಲ್ಲಿ ಪ್ರಯೋಗಕ್ಕೆಂದು ನೆಟ್ಟ ಚಹಾದ ಸಸಿ 1860ರ ದಶಕದ ಹೊತ್ತಿಗೆ ವ್ಯಾಪಾರದ ತೋಟಗಳಾಗಿ ಹಬ್ಬಿತು. ಬಿಡುವಿಗಾಗಿ ಬಂದವರೂ ದುಡಿಮೆಗಾಗಿ ತಂದವರೂ ಒಂದೇ ಬೆಟ್ಟದಲ್ಲಿ, ಒಬ್ಬರ ಕೆಳಗೊಬ್ಬರು ನೆಲೆಯೂರಿದ ಕತೆ ಇದು.

ಚಹಾದ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಮರವಾಗಿ ಬೆಳೆಯುತ್ತದೆ. ಕೈಗೆಟಕುವಂತೆ ಸೊಂಟದೆತ್ತರಕ್ಕೆ ಸವರಿ ಸವರಿ ಅದನ್ನು ಪೊದೆಯಾಗಿಸುತ್ತಾರೆ. ಬೇಕಾದದ್ದು ತುದಿಯ ಎರಡೆಲೆ, ಒಂದು ಮೊಗ್ಗು. 1937ರಲ್ಲಿ ಮುಲ್ಕ್ ರಾಜ್ ಆನಂದರು ಅಸ್ಸಾಮಿನ ತೋಟದ ಕೂಲಿಗಳ ಬಾಳನ್ನು ಕುರಿತು ಬರೆದ ಕಾದಂಬರಿಯ ಹೆಸರೂ ಅದೇ. ಎಂಟು ಹತ್ತು ದಿನಕ್ಕೊಮ್ಮೆ ಅದೇ ಗಿಡಕ್ಕೆ ಮತ್ತೆ ಕೈ ಬರಬೇಕು. ಈಗ ಕತ್ತರಿಯೂ ಯಂತ್ರವೂ ಬಂದಿವೆ. ಆದರೂ ಒಳ್ಳೆಯ ಚಹಾಕ್ಕೆ ಬೆರಳೇ ಬೇಕೆಂದು ಹಿರಿಯರು ತಮ್ಮ ಬೆರಳುಗಳನ್ನು ಚಾಚಿ ತೋರಿಸಿದರು. ಕೊಯ್ದ ಚಿಗುರನ್ನು ಬಾಡಿಸಿ, ಹೊಸೆದು, ಗಾಳಿಗೆ ಕಪ್ಪಾಗಬಿಟ್ಟು, ಒಣಗಿಸಿ, ಜರಡಿ ಹಿಡಿಯುತ್ತಾರೆ. ಹೆಚ್ಚುಕಡಿಮೆ ನಾಲ್ಕೂಕಾಲು ಕಿಲೋ ಹಸಿರು ಚಿಗುರಿಗೆ ಒಂದು ಕಿಲೋ ಚಹಾ. ಎಂದರೆ, ನಾನು ಹಿಂದಿನ ದಿನ ಕುಡಿದ ಒಂದು ಬಟ್ಟಲಿನ ಹಿಂದೆ ಎಂಟೊಂಬತ್ತು ಗ್ರಾಂ ಚಿಗುರು ಇತ್ತು. ಯಾರೋ ಒಬ್ಬಾಕೆ ಬಾಗಿ, ಆರಿಸಿ, ಮುರಿದು, ಬೆನ್ನಿನ ಚೀಲಕ್ಕೆ ಎಸೆದ ಚಿಗುರು.

ಆ ಒಬ್ಬಾಕೆಯರೂ ಕಣ್ಣಿಗೆ ಬಿದ್ದರು. ದೊಡ್ಡ ತೋಟದ ಇಳಿಜಾರಿನಲ್ಲಿ ಸಾಲಾಗಿ ಹೆಂಗಸರು. ತಲೆಗೆ ಬಟ್ಟೆ, ಸೊಂಟಕ್ಕೆ ಒದ್ದೆ ತಾಗದಂತೆ ಕಟ್ಟಿದ ಹಾಳೆ. ನೀಲಗಿರಿಯ ತೋಟಗಳಲ್ಲಿ ದುಡಿಯುವವರಲ್ಲಿ ಸಿಂಹಳದಿಂದ ಮರಳಿದ ತಮಿಳರ ಮನೆತನಗಳು ಬಹಳ. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೊ ಅವರೂ ಮಾಡಿಕೊಂಡ ಒಪ್ಪಂದದಂತೆ, ತಾವೇ ಬೆಳೆಸಿದ ತೋಟಗಳನ್ನು ಬಿಟ್ಟು ಸಮುದ್ರ ದಾಟಿ ಬಂದವರ ಮಕ್ಕಳು, ಮೊಮ್ಮಕ್ಕಳು. ಚಹಾದ ಗಿಡ ಎಲ್ಲಿಯೋ ಅಲ್ಲಿ ಅವರ ಊರು. ಮೇಲೆ ನಮ್ಮ ಹೋಟೆಲಿನ ಮೊಗಸಾಲೆ ಕಾಣುತ್ತಿತ್ತು. ಅಲ್ಲಿಂದ ನೋಡಿದಾಗ ಈ ಹೆಂಗಸರು ಹಸಿರಿನ ಮೇಲೆ ಬಣ್ಣದ ಚುಕ್ಕೆಗಳಾಗಿದ್ದರು. ದೃಶ್ಯ ರಮ್ಯವಾಗಿದೆಯೆಂದು ನಾನೇ ಹೇಳಿದ್ದೆನು. ಹತ್ತಿರದಿಂದ ನೋಡಿದರೆ ಬೆರಳುಗಳ ಸಂದಿಯಲ್ಲಿ ಚಿಗುರಿನ ಕರೆ ಕಪ್ಪಾಗಿ ಕೂತಿತ್ತು.

ನನ್ನ ಮನೆಯ ಅಡಿಗೆಯ ಒಲೆಯೂ ನನ್ನ ಕುರ್ಚಿಯಿಂದ ಹೀಗೆಯೇ ದೂರವಿತ್ತಲ್ಲವೆ? ಹೀಗೆಂದುಕೊಳ್ಳುತ್ತ ಬೆಟ್ಟವೇರಿದೆನು.

ನಾಲ್ಕು ಗಂಟೆಯಾಯಿತು. ಪ್ರಾಯಶ್ಚಿತ್ತವನ್ನು ನಿಶ್ಚಯಿಸಿಕೊಂಡೇ ಬಂದಿದ್ದೆನು. ಪರಿಚಾರಕನು ಬಗ್ಗಿಸಿ ಹೋದೊಡನೆ, ಪಕ್ಕದ ಮೇಜಿನವರು ಕಾಣಲೆಂದೇ, ನನ್ನ ಚಹಾವನ್ನು ಬಶಿಗೆ ಸುರುವಿಕೊಂಡೆನು. ಅಭ್ಯಾಸವಿಲ್ಲದ ಕೈ, ಅರ್ಧ ಅಂಗಿಯ ಮೇಲೆ ಚೆಲ್ಲಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. 'ಈ ವಯಸ್ಸಿನ್ಯಾಗ ಯಾತಕ್ಕ ಈ ನಾಟಕಾ?' ಎಂದಳು. ಆಮೇಲೆ ತನ್ನ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದು, ಕುರ್ಚಿಗೆ ಒರಗಿ, ಬಟ್ಟಲಿನಿಂದಲೇ ಕುಡಿಯತೊಡಗಿದಳು. ನನಗೆ ಆಶ್ಚರ್ಯವಾಯಿತು. 'ಬಶ್ಯಾಗ ಕುಡೀಲಿಕ್ಕೆ ನನ್ನ ಅಡ್ಡಿ ಏನೂ ಇಲ್ಲ' ಎಂದೆನು. 'ಬಶ್ಯಾಗ ಹಾಕ್ಕೊಂತಿದ್ದದ್ದು ರುಚೀಗಲ್ರೀ, ಲಗೂನ ಆರಲಿ ಅಂತ. ಒಲೀ ಮ್ಯಾಲಿನ ಕೆಲಸಾ ಹಂಗ ಇರತಿತ್ತು. ಇವತ್ತೇನು ಗಡಬಡಿ ಅದ ನನಗ?' ಎಂದಳು.

ನಾನು ಅವಳ ರೂಢಿಯೆಂದು ಬಗೆದದ್ದು ಅವಳ ಅವಸರವಾಗಿತ್ತು. ನಿನ್ನೆ ಅದನ್ನು ಕಂಡು ನಾಚಿದೆ. ಇಂದು ಅದನ್ನು ಅನುಕರಿಸಿ ಧನ್ಯನಾದೆನೆಂದುಕೊಂಡೆ. ಎರಡು ದಿನವೂ ತಪ್ಪು ಓದಿದೆ. ಆಕೆಗೆ ಇಲ್ಲದೆ ಹೋದದ್ದು ಬಿಡುವು. ನಲವತ್ತು ವರ್ಷ ಆ ಬಿಡುವನ್ನು ಆಕೆಯಿಂದ ದಿನಕ್ಕೆ ಹತ್ತು ಸಲ ಪಡೆದವನು ನಾನು.

ಜಪಾನಿನವರ ಚಹಾದ ವಿಧಿಯನ್ನು ಹಿಂದೆ ಓದಿದ್ದೆನು. ಅದರ ಅರ್ಥ ಈಗ ಹೊಳೆಯಿತು. ಹದಿನಾರನೆಯ ಶತಮಾನದಲ್ಲಿ ಅದನ್ನು ಹದಕ್ಕೆ ತಂದವನು ಸೆನ್ ನೊ ರಿಕ್ಯು. ಆ ಗುಡಿಸಲಿನ ಬಾಗಿಲು ಬಲು ಚಿಕ್ಕದು. ಎಂಥ ವೀರನಾದರೂ ಕತ್ತಿಯನ್ನು ಹೊರಗಿಟ್ಟು, ಬಾಗಿ ನುಸುಳಿ ಒಳಗೆ ಬರಬೇಕು. ಒಳಗೆ ಮನೆಯ ಒಡೆಯನೇ ತನ್ನ ಕೈಯಾರ ಚಹಾ ಮಾಡಿ ಅತಿಥಿಗೆ ಕೊಡುತ್ತಾನೆ. ಮಾಡುವವನು ಕೀಳು, ಕುಡಿಯುವವನು ಮೇಲು ಎಂಬ ಲೆಕ್ಕವನ್ನು ಆ ಚಿಕ್ಕ ಬಾಗಿಲು ಹೊರಗೇ ತಡೆಯುತ್ತದೆ.

ಈ ಪುಟವನ್ನು ಓದುವವರಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಹೆಚ್ಚು. ಆದುದರಿಂದ ಇನ್ನೊಂದು ಮಾತು. ಇಂಗ್ಲಿಷಿನ 'ಸ್ಕೂಲ್' ಎಂಬ ಶಬ್ದದ ಮೂಲವಾದ ಗ್ರೀಕ್ ಶಬ್ದಕ್ಕೆ ಬಿಡುವು ಎಂದೇ ಅರ್ಥ. ದುಡಿಮೆಯಿಂದ ಬಿಡುವು ದೊರೆತವನು ಮಾತಾಡಿದನು, ಯೋಚಿಸಿದನು, ಕಲಿತನು. ಬಿಡುವೇ ವಿದ್ಯೆಯ ತವರಾಯಿತು. ಆದರೆ ಅಥೆನ್ಸಿನ ನಾಗರಿಕನ ಬಿಡುವಿನ ಹಿಂದೆ ದಾಸರ ದುಡಿಮೆಯಿತ್ತೆಂಬುದನ್ನು ನಾವು ತರಗತಿಯಲ್ಲಿ ಹೇಳಿಕೊಟ್ಟು ಮನೆಗೆ ಬಂದು ಚಹಾ ಕೇಳುತ್ತೇವೆ. ಸಾಹಿತ್ಯವೂ ಬಿಡುವಿನ ಕೂಸು. ಹೆಂಗಸರು ಏಕೆ ಕಡಿಮೆ ಬರೆದರು, ದುಡಿಯುವವರು ಏಕೆ ಕಡಿಮೆ ಬರೆದರು ಎಂದು ಗೋಷ್ಠಿಗಳಲ್ಲಿ ಚರ್ಚೆ ನಡೆಯುತ್ತದೆ. ಪ್ರತಿಭೆಯನ್ನು ಅಳೆಯುವುದಕ್ಕೆ ಮುಂಚೆ, ಅವರು ಕುಳಿತು ಕುಡಿದ ಚಹಾ ಎಷ್ಟೆಂದು ಎಣಿಸಿದರೆ ಉತ್ತರಕ್ಕೆ ಸಮೀಪವಾದೇವು.

ಇದಕ್ಕೆ ಕಾಯಿದೆಯ ದಾರಿ ಇಲ್ಲದೆ ಇಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ತೋಟದವರಿಗೆ ವಸತಿ, ವೈದ್ಯ, ಶಿಶುಗೃಹಗಳೊಡನೆ ದುಡಿಮೆಯ ಗಂಟೆಗೆ ಮಿತಿಯನ್ನೂ ವಾರದ ರಜೆಯನ್ನೂ ಹೇಳಿತು. ಹೇಳಿದಷ್ಟೂ ನಡೆಯಲಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೂ ಬಿಡುವು ದಾನವಲ್ಲ, ಹಕ್ಕು ಎಂದು ಬರೆದಿಟ್ಟದ್ದು ಸಣ್ಣ ಕೆಲಸವಲ್ಲ. ಮನೆಯ ಒಲೆಯ ಮುಂದೆ ನಿಂತವರಿಗೆ ಅಂಥ ಕಾಯಿದೆಯೂ ಇಲ್ಲ, ವಾರದ ರಜೆಯೂ ಇಲ್ಲ; ಭಾನುವಾರ ಬಂದರೆ ಕೆಲಸ ಹೆಚ್ಚೇ ಆಗುತ್ತದೆ. ಅಲ್ಲಿ ಆಗಬೇಕಾದದ್ದು ನಮ್ಮ ಕೈಯಿಂದಲೇ ಆಗಬೇಕು.

ಹೋಟೆಲಿನ ಲೆಕ್ಕ ತೀರಿಸಿ ಹೊರಡುವ ದಿನ ಹೆಂಡತಿ ಆ ಪರಿಚಾರಕನನ್ನು ಕರೆದು, ತನಗೆ ಬರುವ ಕನ್ನಡದಲ್ಲಿಯೇ, 'ನಿಂದು ಚಹಾ ಆತೇನಪ್ಪಾ?' ಎಂದು ಕೇಳಿದಳು. ಅವನಿಗೆ ಭಾಷೆ ತಿಳಿಯಿತೋ ಇಲ್ಲವೋ; ಮುಖ ಅರಳಿತು. ನಾಲ್ಕು ದಿನ ಅವನಿಂದ ಬಡಿಸಿಕೊಂಡ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಇಳಿಹೊತ್ತಿನ ನಾಲ್ಕು ಗಂಟೆಯ ಚಹಾ ನನ್ನ ಪಾಲಿನದು. ಮೊದಮೊದಲು ಹಾಲು ಉಕ್ಕಿತು, ಸಕ್ಕರೆ ಹೆಚ್ಚಾಯಿತು, ಸೋಸುವಾಗ ಕಟ್ಟೆಯೆಲ್ಲ ಕೆಂಪಾಯಿತು. ಈಗ ಒಂದು ಹದಕ್ಕೆ ಬಂದಿದೆ. ಹೊಗಳಿಕೆ ಇನ್ನೂ ಬಂದಿಲ್ಲ. ಆಕೆ ಕಟ್ಟೆಯ ಮೇಲೆ ಕುಳಿತು, ಓಣಿಯನ್ನು ನೋಡುತ್ತ, ಬಟ್ಟಲಿನಿಂದ ನಿಧಾನವಾಗಿ ಕುಡಿಯುತ್ತಾಳೆ. ಮೊನ್ನೆ ಬಟ್ಟಲನ್ನು ಕೆಳಗಿಟ್ಟು, ತನ್ನ ಹುಡುಗಿಯ ಕಾಲದ ಒಂದು ಕತೆ ಹೇಳಿದಳು. ನಲವತ್ತು ವರ್ಷದಲ್ಲಿ ನಾನು ಕೇಳದಿದ್ದ ಕತೆ ಅದು.

ವಾಚಕರು ಈ ಪುರವಣಿಯನ್ನು ಓದುವುದು ಸಾಮಾನ್ಯವಾಗಿ ಭಾನುವಾರದ ಚಹಾದ ಜೊತೆಗೆ. ಕೈಯಲ್ಲಿರುವ ಬಟ್ಟಲನ್ನು ಮಾಡಿದವರು ಯಾರು, ಅವರದು ಆಯಿತೆ ಎಂದು ಒಮ್ಮೆ ಕೇಳಿರಿ. ಆಗಿಲ್ಲವಾದರೆ ಪತ್ರಿಕೆಯನ್ನು ಮಡಿಸಿಟ್ಟು ಏಳಿರಿ. ಉಳಿದ ಪುಟಗಳು ಎಲ್ಲಿಗೂ ಹೋಗುವುದಿಲ್ಲ.