ನಾವು ಸಾಯದ ಕತೆ ಒಂದು ಹೇಳಿ ನೋಡೋಣ

ಮೊನ್ನೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹೆಂಡತಿ, ಮಕ್ಕಳ ಜೊತೆ ತೆಗೆಸಿಕೊಂಡ ಫೋಟೋ ಒಂದನ್ನು ಇಲ್ಲಿ ಹಾಕಿದ್ದೆ. ಮದುವೆಗೆ 24 ವರ್ಷ ತುಂಬಿತು, ಎಲ್ಲರೂ ಸೇರಿ ಒಂದು ಸಿನಿಮಾ ನೋಡಿ ಮೀನೂಟ ಮಾಡಿ ಬಂದ್ವಿ ಅಂತ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಎರಡು ಕಡೆಯಿಂದ ಪಾಠ ಬಂತು.

ಒಬ್ಬರು ನಮ್ಮವರೇ, ಸಂಘಟನೆಯ ಹಿರಿಯರು. "ತಮ್ಮಾ, ಹೋರಾಟದಲ್ಲಿ ಇರುವವನಿಗೆ ಈ ಟೂರು, ಪಿಕ್ಚರು ಎಲ್ಲ ಎಂತಕ್ಕೆ? ನೋಡಿದ ಜನ ಎಂತ ಹೇಳ್ತಾರೆ?" ಇನ್ನೊಬ್ಬರು ಮೇಲ್ಜಾತಿಯ ಪ್ರಗತಿಪರ ಗೆಳೆಯರು. "ನೋಡಿ ಸರ್, ಎಷ್ಟು ಚಂದ ಬದುಕ್ತಾ ಇದ್ದೀರಿ! ಈಗ ಎಲ್ಲಿದೆ ಜಾತಿ? ಸಿನಿಮಾ, ಮದುವೆ, ಪ್ರವಾಸ, ಇದರಲ್ಲೆಲ್ಲ ಜಾತಿ ಹುಡುಕೋದು ಬಿಟ್ಟುಬಿಡಿ."

ಇಬ್ಬರಿಗೂ ಸೇರಿಸಿಯೇ ಉತ್ತರ ಬರೀತಿದ್ದೇನೆ. ಉದ್ದ ಆಗ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಸಿನಿಮಾದಿಂದಲೇ ಶುರು ಮಾಡುವಾ.

1936ರಲ್ಲಿ ಬಾಂಬೆ ಟಾಕೀಸಿನ 'ಅಛೂತ್ ಕನ್ಯಾ' ಬಂತು. ಬ್ರಾಹ್ಮಣ ಹುಡುಗ ಅಶೋಕ್ ಕುಮಾರ್, ಅಸ್ಪೃಶ್ಯ ಹುಡುಗಿ ದೇವಿಕಾ ರಾಣಿ. ಪ್ರೀತಿ ಆಗ್ತದೆ, ಮದುವೆ ಆಗೋದಿಲ್ಲ. ಕೊನೆಗೆ ಹುಡುಗಿ ರೈಲಿಗೆ ಸಿಕ್ಕಿ ಸಾಯ್ತಾಳೆ. ದೇಶ ಕಣ್ಣೀರು ಒರೆಸಿಕೊಂಡು ಮನೆಗೆ ಹೋಯ್ತು. ಅದೇ 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಅಚ್ಚು ಹಾಕಿಸಿದರು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಭಾಷಣಕ್ಕೆ ಕರೆದು, ಬರೆದದ್ದು ಓದಿ ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದರಲ್ಲ, ಅದೇ ಭಾಷಣ. ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂತ ಅದರಲ್ಲಿ ಬರೆದರು. ಆ ಮದುವೆಗೆ ಅಡ್ಡ ನಿಂತ ಶಾಸ್ತ್ರಗಳ ಅಧಿಕಾರ ಮುರೀಬೇಕು ಅಂತಲೂ ಬರೆದರು.

ಒಂದೇ ವರ್ಷ ನೋಡಿ. ಮದುವೆಯಾಗಿ ಬದುಕಿ ಅಂದರು ಬಾಬಾಸಾಹೇಬರು. ಪ್ರೀತಿಸಿದ್ದಕ್ಕೆ ಸಾಯಿ ಅಂದಿತು ಸಿನಿಮಾ. ಈ ದೇಶದ ಟಾಕೀಸುಗಳು ಯಾರ ಮಾತು ಕೇಳಿದವು ಅಂತ ಹೇಳಬೇಕಾ?

1959ರ ಬಿಮಲ್ ರಾಯ್ ಅವರ 'ಸುಜಾತಾ'ದಲ್ಲಿ ಹುಡುಗಿ ಸಾಯೋದಿಲ್ಲ, ನಿಜ. ಆದರೆ ಸಾಕಿದ ತಾಯಿಗೆ ರಕ್ತ ಕೊಟ್ಟ ಮೇಲೆಯೇ ಅವಳು ಆ ಮನೆಯ ಮಗಳಾಗೋದು. ಉಳಿದವರು ಹುಟ್ಟಿದ ಕೂಡಲೇ ಮನುಷ್ಯರು. ನಾವು ಮಾತ್ರ ರಕ್ತ ಕೊಟ್ಟು ಸಾಬೀತು ಮಾಡಬೇಕು.

ಕನ್ನಡಕ್ಕೆ ಬನ್ನಿ. 1975ರ 'ಚೋಮನ ದುಡಿ'. ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, ಸ್ವರ್ಣಕಮಲ ಬಂದ ಚಿತ್ರ. ವಾಸುದೇವ ರಾವ್ ಅವರ ಚೋಮನನ್ನು ಮರೆಯಲಿಕ್ಕೆ ಸಾಧ್ಯ ಇಲ್ಲ, ನಾನೂ ಮರೆತಿಲ್ಲ. ಆದರೆ ಚೋಮನಿಗೆ ಸಿಕ್ಕಿದ್ದು ಎಂತ? ಗೇಣಿಗೆ ಒಂದು ತುಂಡು ಭೂಮಿ ಕೇಳಿದ, ಸಿಗಲಿಲ್ಲ. ನೀರಲ್ಲಿ ಮುಳುಗ್ತಿರುವ ಮಗನನ್ನು ಮುಟ್ಟಿ ಎತ್ತಲು ಮೈಲಿಗೆ ಅಡ್ಡ ಬಂತು. ಕೊನೆಗೆ ದುಡಿ ಬಾರಿಸ್ತಾ ಬಾರಿಸ್ತಾ ಸತ್ತ. ಚೋಮನ ನೋವು ಸುಳ್ಳು ಅಂತ ನಾನು ಹೇಳ್ತಿಲ್ಲ. ಆ ನೋವು ನನ್ನ ಅಜ್ಜನದ್ದೂ ಹೌದು. ನನ್ನ ಪ್ರಶ್ನೆ ಬೇರೆ. ಸ್ವರ್ಣಕಮಲ ಬಂದು ಐವತ್ತು ವರ್ಷದ ಮೇಲೂ ನಾನು ನೋಡುವ ಸಿನಿಮಾಗಳಲ್ಲಿ ಚೋಮನ ಮೊಮ್ಮಗಳು ಪದವಿ ಮುಗಿಸಿ, ಮೆಚ್ಚಿದವನನ್ನು ಮದುವೆಯಾಗಿ, ಸಂಜೆ ಗಂಡನ ಜೊತೆ ಚಾ ಕುಡೀತಾ ಕೂತಿರುವ ಒಂದು ದೃಶ್ಯ ಯಾಕೆ ಸಿಗೋದಿಲ್ಲ?

ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಿಯವಾದ ಸಿನಿಮಾ ಮಾರಿ ಸೆಲ್ವರಾಜ್ ಅವರ 'ಪರಿಯೇರುಂ ಪೆರುಮಾಳ್' (2018). ಎಷ್ಟು ಸಲ ನೋಡಿದ್ವಿ ಅಂತ ಲೆಕ್ಕ ಇಟ್ಟಿಲ್ಲ. ಕಾರಣ ಕೇಳಿದರೆ ಮಗಳು ಒಂದೇ ಮಾತು ಹೇಳ್ತಾಳೆ: "ಅದರಲ್ಲಿ ಪರಿಯ ಸಾಯೋದಿಲ್ಲ ಅಪ್ಪ." 'ಸೈರಾಟ್' (2016) ಅವಳು ಒಂದೇ ಸಲ ನೋಡಿದ್ದು. ಆ ಕೊನೆಯ ಪುಟ್ಟ ಹೆಜ್ಜೆ ಗುರುತುಗಳನ್ನು ಇನ್ನೊಂದು ಸಲ ನೋಡೋದಿಲ್ಲ ಅಂತಾಳೆ. ಮಂಜುಳೆ ಆ ಹೆಜ್ಜೆಗಳನ್ನು ತೋರಿಸಿದ್ದು ಕೊಂದವರ ಕಡೆ ಬೆರಳು ಮಾಡಲಿಕ್ಕೆ. ಅದೇ ಕತೆ ಹಿಂದಿಗೆ ಹೋಗಿ 'ಧಡಕ್' (2018) ಆದಾಗ ಜಾತಿ ತೆಳುವಾಯ್ತು, ಸಾವು ಉಳಿಯಿತು. ಇದೇ ನನ್ನ ತಕರಾರು. ಸಾಯಿಸಿದ ಕಾರಣ ಅವರಿಗೆ ಬೇಡ, ನಮ್ಮ ಹೆಣ ಬೇಕು.

ನೀರಜ್ ಘಯ್ವಾನ್ 2023ರಲ್ಲಿ 'ಮೇಡ್ ಇನ್ ಹೆವನ್' ಸರಣಿಯ ಒಂದು ಕಂತಿನಲ್ಲಿ ಬೌದ್ಧ ಪದ್ಧತಿಯ ಮದುವೆ ತೋರಿಸಿದರು. ಬಾಬಾಸಾಹೇಬರ ಫೋಟೋ ಎದುರು ದಲಿತ ವಧು ತಲೆ ಎತ್ತಿ ನಿಂತಿದ್ದಳು. ಆ ಕಂತು ನೋಡಿ ನನ್ನ ಹೆಂಡತಿ ಅತ್ತಳು. ಅಷ್ಟು ವರ್ಷ ಸಿನಿಮಾ ನೋಡಿದವಳಿಗೆ ದಲಿತರ ಮದುವೆಯೊಂದು ಮದುವೆಯಾಗಿಯೇ ಕಂಡದ್ದು ಅದೇ ಮೊದಲು.

ಈಗ ಟ್ಯಾಗೋರ್ ಕಡಲತೀರದ ಮಾತು. ಆ ಹೆಸರು ಯಾಕೆ ಬಂತು ಅಂತ ಪ್ರವಾಸಿಗರಿಗೆ ಎಲ್ಲರೂ ಹೇಳ್ತಾರೆ. ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜ್ ಆಗಿದ್ದರು. ಇಪ್ಪತ್ತೆರಡರ ಹರೆಯದ ರವೀಂದ್ರರು ಮನೆಮಂದಿ ಜೊತೆ ಇಲ್ಲಿಗೆ ಬಂದರು, ಕಡಲು ನೋಡಿ ಮರುಳಾದರು, 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಇಷ್ಟು ಹೇಳ್ತಾರೆ. ನಾಟಕದಲ್ಲಿ ಎಂತ ಇದೆ ಅಂತ ಯಾರೂ ಹೇಳೋದಿಲ್ಲ. ಅದರಲ್ಲಿ ಊರವರೆಲ್ಲ ಮುಟ್ಟಬಾರದು ಅಂತ ದೂರ ಇಟ್ಟ ಒಬ್ಬ ಅನಾಥ ಹುಡುಗಿ ಇದ್ದಾಳೆ. ಸನ್ಯಾಸಿ ಅವಳಿಗೆ ಆಶ್ರಯ ಕೊಡ್ತಾನೆ, ಮಮತೆ ಅಂಟೀತು ಅಂತ ಹೆದರಿ ಬಿಟ್ಟು ಓಡ್ತಾನೆ. ಬುದ್ಧಿ ಬಂದು ಹುಡುಕಿಕೊಂಡು ಬರುವ ಹೊತ್ತಿಗೆ ಅವಳು ಸತ್ತಿರ್ತಾಳೆ. ಅವನಿಗೆ ಜ್ಞಾನೋದಯ, ಅವಳಿಗೆ ಸಾವು. ಕಾರವಾರದಿಂದ ಮರಳಿದ ಸ್ವಲ್ಪ ದಿನಕ್ಕೇ ಕವಿಗೆ ಮದುವೆ ಆಯ್ತು. ಆ ಹುಡುಗಿಗೆ ಹೆಸರಿತ್ತು, ವಾಸಂತಿ ಅಂತ. ನಮ್ಮ ಕಡಲತೀರದಲ್ಲಿ ಅವಳ ಹೆಸರು ಯಾರ ಬಾಯಲ್ಲೂ ಇಲ್ಲ.

ರವೀಂದ್ರರ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಲದಲ್ಲಿ ಅಷ್ಟನ್ನಾದರೂ ಕಂಡರಲ್ಲ. ಆದರೆ ಸರ್, "ಜಾತಿ ಹುಡುಕೋದು ಬಿಡಿ" ಅಂದಿರಲ್ಲ, ನಾನು ಹುಡುಕಲಿಕ್ಕೇ ಹೋಗಲಿಲ್ಲ. ಗಾಳಿ ತಿನ್ನಲಿಕ್ಕೆ ಹೋದ ಜಾಗದಲ್ಲೇ ಅದು ಕಾಲಿಗೆ ಸಿಕ್ಕಿತು.

ಮದುವೆ ವಿಷಯ. "ಜಾತಿ ಬಿಟ್ಟು ಆದ ಮದುವೆ ಬಾಳೋದಿಲ್ಲ" ಅನ್ನುವ ಮಾತನ್ನು 24 ವರ್ಷದಿಂದ ಕೇಳ್ತಿದ್ದೇವೆ. ಜಾತಿಯೊಳಗೆ ಆದ ಮದುವೆ ಮುರಿದರೆ ಹಣೆಬರಹ ಅಂತಾರೆ, ಸೊಸೆ ಸರಿ ಇಲ್ಲ ಅಂತಾರೆ. ಜಾತಿಯಿಂದಲೇ ಮುರಿಯಿತು ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಮ್ಮಂಥವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯ್ತು ಅಂತ ಜಗಳ ಆದರೂ "ನೋಡಿ, ಹೇಳಿದ್ವಲ್ಲ" ಅಂತ ಶುರು. ಇನ್ನು ಅವರು ಹೊಗಳುವ ಬಾಳಿಕೆಯ ಮದುವೆಗಳಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಹೊರಗೆ ಹೋಗಲಿಕ್ಕೆ ಬಾಗಿಲಿತ್ತು? ಬಾಗಿಲಿಲ್ಲದ ಮನೆಯಿಂದ ಯಾರೂ ಹೊರಗೆ ಬರಲಿಲ್ಲ ಅಂದರೆ ಅದನ್ನು ಪ್ರೀತಿ ಅಂತ ಕರೀಬೇಡಿ.

ನಮ್ಮ ಮದುವೆ ಯಾವುದರ ಮೇಲೆ ನಿಂತಿತು ಹೇಳ್ತೇನೆ ಕೇಳಿ. ವಿಶೇಷ ವಿವಾಹ ಕಾಯ್ದೆ 1954ರ ಪ್ರಕಾರ ನೋಟಿಸು ಕೊಟ್ಟು 30 ದಿನ ಕಾಯಬೇಕು. ಹೆಸರು, ವಿಳಾಸ ಎಲ್ಲ ಕಚೇರಿಯ ಗೋಡೆ ಮೇಲೆ. ಯಾರು ಬೇಕಾದರೂ ಓದಬಹುದು, ಓದಿ ಹುಡುಗಿ ಮನೆಗೆ ಸುದ್ದಿ ಮುಟ್ಟಿಸಬಹುದು. ಆ 30 ದಿನ ನಾವು ಇಬ್ಬರೂ ಬೇರೆ ಬೇರೆ ಗೆಳೆಯರ ಮನೆಯಲ್ಲಿ ಇದ್ವಿ. ಆಮೇಲೆ ಬಾಡಿಗೆ ಮನೆ. ಮೊದಲು ಬಾಡಿಗೆ ಎಷ್ಟು ಅಂತ ಅಲ್ಲ, "ನಿಮ್ಮದು ಯಾವ ಪೈಕಿ?" ಅಂತ ಕೇಳ್ತಿದ್ದರು. ಎರಡು ಮನೆ ಆ ಪ್ರಶ್ನೆಗೇ ತಪ್ಪಿದವು. ಬಾಣಂತನಕ್ಕೆ ನನ್ನ ಅವ್ವಿಯೇ ಬಂದು ಕೂತಳು. ಮಗಳಿಗೆ ನಾಲ್ಕು ವರ್ಷ ಆದಾಗ ಒಂದು ಮೇ ತಿಂಗಳು ಅತ್ತೆಯವರು ಒಬ್ಬರೇ ಬಸ್ಸು ಹತ್ತಿ ಬಂದರು, ಚೀಲದ ತುಂಬ ಅಂಕೋಲೆಯ ಕರಿ ಈಶಾಡು ಮಾವಿನಹಣ್ಣು. ಮಾತು ಎಂತದೂ ಆಡಲಿಲ್ಲ, ಮೊಮ್ಮಗಳಿಗೆ ಹಣ್ಣು ಹಿಂಡಿ ಕೊಟ್ಟರು. ಗೆಳೆಯರು, ಅವ್ವಿ, ಹೆಂಡತಿಯ ಸಂಬಳ, ಆ ಒಂದು ಚೀಲ ಮಾವು. ನಮ್ಮ ಮದುವೆ ನಿಂತದ್ದು ಇವುಗಳ ಮೇಲೆ. ಜಾತಕದ ಮೇಲೆ ಅಲ್ಲ.

ಎಲ್ಲರಿಗೂ ಇಷ್ಟು ಸಿಗೋದಿಲ್ಲ. 2019ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ ಜಾತಿ ಮೀರಿ ಮದುವೆಯಾಗಿದ್ದ ಗಂಡ-ಹೆಂಡತಿಯನ್ನು ಕಲ್ಲು ಹೊಡೆದು ಕೊಂದರು. ಮದುವೆಯಾಗಿ ಹೊರಗೆ ಬದುಕಿ, ದೀಪಾವಳಿಗೆ ಊರಿಗೆ ಬಂದವರು. ಹಬ್ಬಕ್ಕೆ ಊರಿಗೆ ಹೋಗೋದು ನಿಮಗೆ ಕುಟುಂಬ ಪ್ರವಾಸ. ಅವರಿಗೆ ಅದೇ ಕೊನೆಯ ಪ್ರಯಾಣ.

ಪ್ರವಾಸದಲ್ಲಿ ಎಲ್ಲಿದೆ ಜಾತಿ ಅನ್ನುವವರು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿ. ಅದು ಶುರು ಆಗೋದೇ ಒಂದು ಕುಟುಂಬ ಪ್ರವಾಸದಿಂದ. 1901ರಲ್ಲಿ ಸಾತಾರಾದಿಂದ ಹೊಸ ಬಟ್ಟೆ ಹಾಕಿಕೊಂಡು ಅಣ್ಣ, ಅಕ್ಕನ ಮಕ್ಕಳ ಜೊತೆ ಅಪ್ಪನನ್ನು ನೋಡಲು ಹೊರಟ ಹುಡುಗ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು, ಮಹಾರರು ಅಂತ ಗೊತ್ತಾಯ್ತು, ಗಾಡಿಯವರು ಹತ್ತಿಸಲಿಲ್ಲ. ಕೊನೆಗೆ ಎರಡು ಪಟ್ಟು ದುಡ್ಡು ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕಾಯ್ತು. ಬುತ್ತಿ ಇತ್ತು, ನೀರು ಸಿಗಲಿಲ್ಲ. ಮುಂದೆ 1934ರಲ್ಲಿ ದೊಡ್ಡ ನಾಯಕರಾಗಿ ಸಂಗಾತಿಗಳ ಜೊತೆ ದೌಲತಾಬಾದ್ ಕೋಟೆ ನೋಡಲು ಹೋದಾಗಲೂ ಕೆರೆ ಮುಟ್ಟಿ ಹೊಲಸು ಮಾಡಿದರು ಅಂತ ಗಲಾಟೆ ಆಯ್ತು. ಅಂದರೆ ಓದು, ಪದವಿ, ಕೋಟು ಯಾವುದೂ ನೀರಿನವರೆಗೆ ಕರೆದುಕೊಂಡು ಹೋಗಲಿಲ್ಲ.

ಅದಕ್ಕೇ ನಾವು ಮಕ್ಕಳನ್ನು ಮೊದಲ ಸಲ ದೂರ ಕರೆದುಕೊಂಡು ಹೋದದ್ದು ಮಹಾಡಿಗೆ. ಕೊಂಕಣ ರೈಲು ಹಿಡಿದು ಹೋಗಿ, 1927ರ ಮಾರ್ಚ್ 20ರಂದು ಬಾಬಾಸಾಹೇಬರು ನೀರು ಮುಟ್ಟಿದ ಚವದಾರ್ ಕೆರೆಯ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿ ಉಂಡು ಬಂದ್ವಿ. ಗೋಕರ್ಣ, ಧರ್ಮಸ್ಥಳ ಹೋಗುವವರು ಹೋಗಲಿ. ನಮ್ಮ ಯಾತ್ರೆ ನಾವು ಮಾಡ್ತೇವೆ.

ಈಗ ನಮ್ಮ ಹಿರಿಯರಿಗೆ ಎರಡು ಮಾತು. ಅಣ್ಣಾ, ನೀವು ಜೈಲು ಕಂಡವರು, ನಿಮ್ಮ ಬಗ್ಗೆ ಗೌರವ ಕಡಿಮೆ ಆಗೋದಿಲ್ಲ. ಆದರೆ ಹೋರಾಟಗಾರ ಅಂದರೆ ಬಾಡಿದ ಮುಖ, ಹರಿದ ಚಪ್ಪಲಿ ಅಂತ ಚಿತ್ರ ಬರೆದವರು ಯಾರು? ನಮ್ಮನ್ನು ಹೆಣವಾಗಿ ಮಾತ್ರ ನೋಡಲು ಇಷ್ಟಪಡುವ ಅದೇ ಕಣ್ಣು. ನಾವು ಹೋರಾಡೋದು ಎಂತಕ್ಕೆ? ಆಗೇರ, ಮುಕ್ರಿ, ಹಳ್ಳೇರ ಕೇರಿಯ ಹುಡುಗಿ ಭಾನುವಾರ ಗಂಡ, ಮಕ್ಕಳ ಜೊತೆ ಹೆದರಿಕೆ ಇಲ್ಲದೆ ಅಂಕೋಲೆಯಿಂದ ಕಾರವಾರಕ್ಕೆ ಹೋಗಿ ಸಿನಿಮಾ ನೋಡಿ ಬರಲಿ ಅಂತ ತಾನೇ? ಅದನ್ನು ನಾವೇ ನಾಚಿಕೆ ಅಂದುಕೊಂಡರೆ ಮಕ್ಕಳು ಹೋರಾಟ ಅಂದರೆ ಬರೀ ಸಾವಿನ ಮನೆ ಅಂದುಕೊಳ್ತಾರೆ, ದೂರ ಹೋಗ್ತಾರೆ. ಈಗಲೇ ಹೋಗ್ತಿದ್ದಾರೆ.

ಹಾಗಂತ ಫೋಟೋ ಹಾಕಿ ಸುಮ್ಮನೆ ಕೂರೋದಲ್ಲ. ಕೇಳಬೇಕಾದ್ದು ಕೇಳುವಾ.

ಒಂದು, 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಜೋಡಿಗಳಿಗಾಗಿ ಜಿಲ್ಲೆಗೊಂದು ವಿಶೇಷ ಘಟಕ ಬೇಕು ಅಂದಿದೆ, ಸುರಕ್ಷಿತ ಮನೆಗಳ ಮಾತೂ ಹೇಳಿದೆ. ಪ್ರತಿ ಜಿಲ್ಲೆಯಲ್ಲೂ ಆ ಘಟಕದ ಬಾಗಿಲು ಎಲ್ಲಿದೆ, ಫೋನ್ ಯಾರು ಎತ್ತುತ್ತಾರೆ ಅಂತ ಅರ್ಜಿ ಹಾಕುವಾ. ಅಂತರ್ಜಾತಿ ಮದುವೆಗೆ ಸರ್ಕಾರ ಪ್ರೋತ್ಸಾಹಧನ ಕೊಡ್ತದೆ, ಸಂತೋಷ. ಆದರೆ ಮೊದಲು ಜೀವ ಉಳಿದರಲ್ಲವಾ ಚೆಕ್ಕು ತಗೊಳ್ಳೋದು?

ಎರಡು, ಆ 30 ದಿನದ ನೋಟಿಸು ಗೋಡೆಯಿಂದ ಇಳೀಬೇಕು. ಜಾತಿಯೊಳಗಿನ ಮದುವೆಗೆ ಇಲ್ಲದ ಡಂಗುರ ನಮಗೆ ಮಾತ್ರ ಎಂತಕ್ಕೆ?

ಮೂರು, ಸಿನಿಮಾ ಮಾಡುವ ಗೆಳೆಯರೇ, ಮುಂದಿನ ಸಲ ಸಬ್ಸಿಡಿಗೆ ಕತೆ ಬರೆಯುವಾಗ ನಮ್ಮ ಹೆಣ್ಣುಮಗಳನ್ನು ಕೊನೆಯ ರೀಲಿನಲ್ಲಿ ಕೊಲ್ಲಬೇಡಿ. ಅವಳಿಗೆ ಐವತ್ತು ವರ್ಷ ತುಂಬಲಿ, ಕೂದಲು ನೆರೆಯಲಿ, ಗಂಡನ ಮೇಲೆ ಸಿಟ್ಟಾಗಲಿ, ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿ. ಅಂಥ ಕತೆ ಎಲ್ಲಿದೆ ಅಂತ ಕೇಳಿದರೆ ನಮ್ಮ ಕೇರಿಗೆ ಬನ್ನಿ, ಬೇಕಾದಷ್ಟು ಅದೆ.

ಇದನ್ನು ಓದಿದ ಸಂಗಾತಿಗಳು ನಿಮ್ಮ ನಿಮ್ಮ ಮದುವೆಯ, ಪ್ರವಾಸದ ಫೋಟೋ ಕೆಳಗೆ ಹಾಕಿ. ನಾಚಿಕೆ ಬೇಡ.

ಜೈ ಭೀಮ್.