ಪ್ರತಿಭೆಯೆಂಬ ನೆಪ

‘ನಮ್ಮ ಮಗನಿಗೆ ಕನ್ನಡ ತಲೆಗೆ ಹತ್ತುವುದಿಲ್ಲ, ಅವನದೇನಿದ್ದರೂ ಗಣಿತದ ಬುದ್ಧಿ.’ ಹೊರನಾಡಿನ ಕನ್ನಡ ಸಂಘಗಳಲ್ಲಿ, ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ, ಈ ಮಾತನ್ನು ಕೇಳದವರು ವಿರಳ. ವಿನಯದಂತೆ ತೋರುವ ಈ ಮಾತು ವಾಸ್ತವದಲ್ಲಿ ಒಂದು ನೆಪ. ಪ್ರಯತ್ನವನ್ನೇ ಮಾಡದೆ, ಸೋಲಿನ ಹೊಣೆಯನ್ನು ಮಗುವಿನ ಹುಟ್ಟುಗುಣದ ಮೇಲೆ ಹೊರಿಸುವ ಉಪಾಯ.

ಇದೇ ತಂದೆತಾಯಂದಿರು ಮಗುವನ್ನು ಸಂಗೀತ ಪಾಠಕ್ಕೆ ಕಳುಹಿಸುತ್ತಾರೆ. ಪುರಂದರದಾಸರು ರೂಪಿಸಿದರೆಂದು ಪರಂಪರೆ ನಂಬಿರುವ ಕ್ರಮದಂತೆ ಅಲ್ಲಿ ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆಗಳು ಮೊದಲಾಗುತ್ತವೆ. ಅವನ್ನು ಮೂರು ಕಾಲಗಳಲ್ಲಿಯೂ ಹಾಡಬೇಕು. ಮುಂದೆ ವಿದ್ವಾಂಸನಾಗುವವನಿಗೂ ಎರಡೇ ವರ್ಷದಲ್ಲಿ ಬಿಟ್ಟುಬಿಡುವವನಿಗೂ ಮೊದಲ ಪಾಠ ಒಂದೇ. ಶ್ರುತಿ ಸೇರದಿದ್ದರೆ ‘ಸಾಧನೆ ಸಾಲದು’ ಎನ್ನುತ್ತೇವೆ. ಒತ್ತಕ್ಷರ ತಪ್ಪಿದರೆ ಮಾತ್ರ ‘ಅವನಿಗೆ ಕನ್ನಡ ಬರುವುದಿಲ್ಲ’ ಎಂದು ತೀರ್ಪು ಕೊಡುತ್ತೇವೆ. ಈ ಇಬ್ಬಗೆಯ ನ್ಯಾಯ ಎಲ್ಲಿಂದ ಬಂತು?

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನನ್ನಂಥವರಿಗೆ ಇನ್ನೊಂದು ನಿದರ್ಶನ ಕಣ್ಣೆದುರಿಗೇ ಇದೆ. ಹಿಂದಿ ಶಿಕ್ಷಣ ಯೋಜನೆಯಲ್ಲಿ ಪ್ರಬೋಧ, ಪ್ರವೀಣ, ಪ್ರಾಜ್ಞ ಎಂಬ ಪರೀಕ್ಷೆಗಳಿವೆ. ದೇವನಾಗರಿಯನ್ನು ಮೊದಲ ಬಾರಿಗೆ ತಿದ್ದುವ ನಡುವಯಸ್ಸಿನ ನೌಕರರೂ ಅವನ್ನು ಪೂರೈಸುತ್ತಾರೆ. ನಿಮಗೆ ಭಾಷಾಪ್ರತಿಭೆ ಇದೆಯೇ ಎಂದು ಅವರನ್ನು ಯಾರೂ ಕೇಳುವುದಿಲ್ಲ. ನಿಗದಿತ ತರಗತಿ, ನಿಗದಿತ ಪಠ್ಯ, ಕೊನೆಗೆ ಪರೀಕ್ಷೆ. ತೇರ್ಗಡೆಯಾದವರಿಗೆ ನಿಯಮಾನುಸಾರ ಪ್ರೋತ್ಸಾಹಧನ. ಯೋಜನೆಯ ಉದ್ದೇಶವನ್ನು ಕುರಿತು ವಾದಿಸಬಹುದು. ಕ್ರಮಬದ್ಧ ಅಭ್ಯಾಸದ ಫಲವನ್ನು ಅಲ್ಲಗಳೆಯಲಾಗದು. ಕಚೇರಿಯ ಹಿಂದಿಗೆ ದೊರೆಯುವ ತಾಳ್ಮೆ ಮನೆಯ ಕನ್ನಡಕ್ಕೆ ಏಕೆ ದೊರೆಯಬಾರದು?

ಭಾಷೆ ಹುಟ್ಟಿನಿಂದಲೇ ಬರಬೇಕೆನ್ನುವವರಿಗೆ ನಮ್ಮ ಸಾಹಿತ್ಯ ಚರಿತ್ರೆಯೇ ಉತ್ತರ ಕೊಡುತ್ತದೆ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಜರ್ಮನಿಯ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಪ್ರಕಟವಾದದ್ದು 1894ರಲ್ಲಿ. ನಡುವಿನ ನಾಲ್ಕು ದಶಕಗಳನ್ನು ‘ಪ್ರತಿಭೆ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಆ ದುಡಿಮೆಗೆ ಮಾಡುವ ಅವಮಾನ.

‘ಅವರ ಸುತ್ತ ಕನ್ನಡವಿತ್ತು, ನಮ್ಮ ಮಕ್ಕಳ ಬೀದಿಯಲ್ಲಿ ಅದಿಲ್ಲ’ ಎನ್ನಬಹುದು. ನಿಜ. ಧಾರವಾಡದ ಬೀದಿ ತಾನಾಗಿ ಕಲಿಸುವುದನ್ನು ಮುಂಬಯಿಯ ಬೀದಿ ಕಲಿಸುವುದಿಲ್ಲ. ಆದ್ದರಿಂದಲೇ ಇಲ್ಲಿ ಅಭ್ಯಾಸದ ಅಗತ್ಯ ಹೆಚ್ಚು.

ಪ್ರತಿಭೆಯೇ ಇಲ್ಲವೆಂದು ನನ್ನ ವಾದವಲ್ಲ. ಎಷ್ಟೇ ಕಾಪಿ ಬರೆದರೂ ಎಲ್ಲರೂ ಬೇಂದ್ರೆಯಾಗುವುದಿಲ್ಲ. ಆದರೆ ನಮ್ಮ ಮಕ್ಕಳಿಂದ ಕಾವ್ಯವನ್ನು ಯಾರು ಕೇಳಿದರು? ಅಜ್ಜಿಯ ಹಳೆಯ ಪತ್ರವನ್ನು ಓದಬಲ್ಲಷ್ಟು, ಅವಳಿಗೆ ನಾಲ್ಕು ಸಾಲು ಬರೆಯಬಲ್ಲಷ್ಟು ಕನ್ನಡ ಸಾಕು. ಓದುಬರಹದಲ್ಲಿ ನಿಜವಾದ ತೊಡಕಿರುವ ಮಕ್ಕಳ ಮಾತು ಬೇರೆ. ಉಳಿದವರಿಗೆ ಅಷ್ಟನ್ನು ಕಲಿಯಲು ದೈವದತ್ತವಾದ ಯಾವ ವರವೂ ಬೇಡ.

ದಿನಕ್ಕೆ ಹದಿನೈದು ನಿಮಿಷ ಮೀಸಲಿಡಿ. ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ಐದು ಸಾಲು ನಕಲು ಮಾಡಿಸಿ. ವಾರಕ್ಕೊಮ್ಮೆ ಊರಿಗೆ ಕಳುಹಿಸುವ ವಾಟ್ಸಾಪ್ ಸಂದೇಶ ಕನ್ನಡ ಲಿಪಿಯಲ್ಲೇ ಇರಲಿ. ಪರೀಕ್ಷೆಯ ಕಾಲದಲ್ಲಿಯೂ ಬಿಡದೆ, ಬೇಸಿಗೆಯ ರಜೆಯಲ್ಲಿಯೂ ಮರೆಯದೆ ಎರಡು ವರ್ಷ ನಡೆಸಿ. ಆಮೇಲೂ ಕನ್ನಡ ಹತ್ತದಿದ್ದರೆ ಪ್ರತಿಭೆಯ ಮಾತನ್ನು ಎತ್ತೋಣ. ಅಲ್ಲಿಯವರೆಗೆ ದಯವಿಟ್ಟು ಮಕ್ಕಳನ್ನು ದೂರಬೇಡಿ. ಸಂಘದ ಬೀರುಗಳಲ್ಲಿರುವ ಪುಸ್ತಕಗಳನ್ನು ನಮ್ಮ ನಂತರ ತೆರೆಯುವವರಿಲ್ಲವಾದರೆ, ಅದರ ಲೆಕ್ಕವನ್ನು ಒಪ್ಪಿಸಬೇಕಾದವರು ನಾವೇ.